ಪಾನಾ ಕಾಕಾನ ಕೂಲರ್

"ಮೆಕ್ಯಾನಿಕ್‌ಗೆ ಹೇಳಿ ಕಳಿಸೋಣವೇ?" ಎಂದರೆ ಮುಖಕ್ಕೆ ಬೈದಷ್ಟು ನೊಂದುಕೊಳ್ಳುವ ಗಂಡಸರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಇರುತ್ತಾರೆ. ಮಿಕ್ಸಿ ನಿಂತಾಗ, ನಲ್ಲಿ ಸೋರಿದಾಗ, ಇಸ್ತ್ರಿಪೆಟ್ಟಿಗೆ ತಣ್ಣಗಾದಾಗ ಉಳಿದವರ ಮುಖ ಬಾಡಿದರೆ ಇವರ ಮುಖ ಅರಳುತ್ತದೆ. "ಬಿಚ್ಚಿ ನೋಡೂಣು" ಎಂದು ಪಂಚೆ ಮೇಲಕ್ಕೆ ಕಟ್ಟುತ್ತಾರೆ. ಬಿಚ್ಚುವುದು ಅವರಿಗೆ ಗೊತ್ತು, ಜೋಡಿಸುವುದೂ ಗೊತ್ತು. ಎಲ್ಲಿ ಬಿಡಬೇಕು ಎಂಬುದೊಂದು ಮಾತ್ರ ಗೊತ್ತಿಲ್ಲ.

ನಮ್ಮ ಮನೆತನದ ಪಾಲಿಗೆ ಬಂದವರು ನಮ್ಮ ತಂದೆಯ ತಮ್ಮ. ಕಲಬುರಗಿಯ ಅವರ ಓಣಿ ಅವರಿಗಿಟ್ಟ ಹೆಸರು ಪಾನಾ ಕಾಕಾ. ಪಾನಾ ಎಂಬ ಸ್ಪ್ಯಾನರು, ಪಕ್ಕಡ, ಟೆಸ್ಟರು, ಕರಿ ಟೇಪು ತುಂಬಿದ ತಗಡಿನ ಪೆಟ್ಟಿಗೆಯೊಂದು ಅವರ ಮಂಚದ ಕೆಳಗೆ ಸದಾ ಸಿದ್ಧ. ಪೆಟ್ಟಿಗೆಯ ಮೇಲೆ ಬಿಳಿ ಪೇಂಟಿನಲ್ಲಿ ಅವರ ವಿಳಾಸವಿದೆ. ಊರಿನ ಹೆಸರು 2014ರಲ್ಲಿ ಕಲಬುರಗಿ ಆಯಿತು. ಪೆಟ್ಟಿಗೆ ಇನ್ನೂ ಗುಲಬರ್ಗಾದಲ್ಲೇ ಇದೆ. ಮೆಕ್ಯಾನಿಕ್‌ಗಳ ಬಗ್ಗೆ ಅವರದು ಒಂದೇ ಮಾತು: "ಬಾಗಲಾ ಬಡದಿದ್ದಕ್ಕ ನೂರು ರೂಪಾಯಿ, ಒಳಗ ಬಂದಿದ್ದಕ್ಕ ಇನ್ನೂರು."

ಕಾಕಾ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬಿಸಿಲಿನ ಕಾರಣಕ್ಕೆ ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನೌಕರರು ಉಂಡು ಮಲಗಲಿ ಎಂಬುದು ಸರಕಾರದ ಇಂಗಿತವಿರಬೇಕು. ಆದರೆ ಕಾಕಾನಿಗೆ ಅದು ಕೂಲರ್ ಬಿಚ್ಚಲು ಸರಕಾರವೇ ಕೊಟ್ಟ ಮಧ್ಯಾಹ್ನ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ಹೊಟ್ಟೆ ಬಗೆದ ಕೂಲರ್, ನಡುವೆ ಬೆವರು ಸುರಿಸುತ್ತ ಕುಳಿತ ಮನೆಮಂದಿ. ಅರ್ಧ ಗಂಟೆಯ ಕೆಲಸವೆಂದು ಶುರುವಾದದ್ದು ಸಂಜೆಯ ಚಹಾ ದಾಟುತ್ತಿತ್ತು.

ಹಾಗೆಂದು ಕಾಕಾನಿಗೆ ಏನೂ ತಿಳಿಯದು ಎಂದರೆ ನನ್ನ ನಾಲಿಗೆ ಸೇದಿಹೋದೀತು. ಮಂಗಳೂರಿನ ಬೀಗರೊಬ್ಬರು ನಮ್ಮ ಮನೆಯ ತಂಪು ಕಂಡು ತಾವೂ ಒಂದು ಕೂಲರ್ ಕೊಂಡರು. ತಿಂಗಳೊಪ್ಪತ್ತಿನಲ್ಲಿ ಫೋನ್ ಬಂತು: ಕೋಣೆ ತಂಪಾಗುವುದಿಲ್ಲ, ಮೈ ಮಾತ್ರ ಅಂಟಂಟಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕೆಂದು ನಾನು ಪುಸ್ತಕದ ಲೆಕ್ಕ ಒಪ್ಪಿಸುತ್ತಿದ್ದಾಗಲೇ ಕಾಕಾ ಫೋನ್ ಕಸಿದುಕೊಂಡರು. "ನಮ್ಮ ಕಡಿ ಗಾಳಿಗಿ ನೀರಡಿಕಿ ಅದರೀ, ಕೂಲರಿನ ಹುಲ್ಲಿನಾಗಿನ ನೀರೆಲ್ಲಾ ಕುಡೀತದ, ತಂಪಾಗ್ತದ. ನಿಮ್ಮ ಕಡಿ ಗಾಳಿ ಮೊದಲೇ ಸಮುದ್ರ ಕುಡದು ಹೊಟ್ಟಿ ತುಂಬಿಸ್ಕೊಂಡು ಕುಂತದ. ಮತ್ತೆಲ್ಲಿ ಕುಡೀತದ?" ಅವರು ಅಲ್ಲಿಗೇ ನಿಲ್ಲಿಸಿದ್ದರೆ ಜ್ಞಾನಿಯಾಗುತ್ತಿದ್ದರು. ಆದರೆ, "ಬೇಕಂದ್ರ ಬಂದು ಒಮ್ಮೆ ಬಿಚ್ಚಿ ನೋಡ್ತೀನಿ" ಎಂದೂ ಸೇರಿಸಿದರು.

ಇಂಥವರಿಗೆ ಒಬ್ಬ ಸಹಾಯಕ ಬೇಕು. ಅವನ ಕೆಲಸ ಟಾರ್ಚ್ ಹಿಡಿಯುವುದು ಮತ್ತು ಬೈಸಿಕೊಳ್ಳುವುದು. ರಜೆಗೆ ಬಂದ ನನಗೆ ಈ ಹುದ್ದೆ ಕಾಯಂ. "ಬೆಳಕು ನನ್ನ ಮಾರಿಗಿ ಯಾಕ ಬಿಡ್ತಿ, ಮೋಟರಿಗಿ ಬಿಡು ತಮ್ಮಾ!" ಮೋಟರ್ ಯಾವುದು, ಪಂಪ್ ಯಾವುದು ಎಂದು ತಿಳಿಯದೆ ನಾನು ಎರಡರ ನಡುವೆ ಬೆಳಕು ಬಿಟ್ಟು ತಟಸ್ಥನಾಗಿರುತ್ತಿದ್ದೆ. ಎಂ.ಎ. ಓದಿದವನ ತಾಂತ್ರಿಕ ಸಾಮರ್ಥ್ಯದ ಬಗ್ಗೆ ಕಾಕಾ ಏನೂ ಹೇಳುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿದ್ದರು.

ಒಂದು ವರ್ಷದ ಬೇಸಿಗೆಯ ಕಥೆ ಹೇಳಲೇಬೇಕು. ಮೊದಲು ಕೂಲರಿನ ಫ್ಯಾನ್ ಹಟ ಹಿಡಿಯಿತು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮೋಟರಿಗೆ ಮೊದಲ ತಳ್ಳು ಕೊಡುವ ಕೆಪ್ಯಾಸಿಟರ್ ಸೋತಿದೆ ಎಂದು ಕಾಕಾ ಕಿವಿಯಿಂದಲೇ ಕಂಡುಹಿಡಿದರು. ಹೊಸದನ್ನು ತರಲು ಬಿಸಿಲಿನಲ್ಲಿ ಊರಿನ ಸೂಪರ್ ಮಾರ್ಕೆಟ್ ಪೇಟೆಗೆ ಹೋಗಬೇಕು. ಅದರ ಬದಲು ಒಂದು ಬಿದಿರಿನ ಕಡ್ಡಿ ಬಂತು. ಜಾಲರಿಯಿಂದ ಕಡ್ಡಿ ತೂರಿಸಿ ರೆಕ್ಕೆಗೆ ತಿವಿದರೆ ಫ್ಯಾನ್ ಬೆಚ್ಚಿಬಿದ್ದು ತಿರುಗತೊಡಗುತ್ತದೆ. ದೇವರ ಮುಂದೆ ದೀಪ ಹಚ್ಚಿದ ಮೇಲೆ ಕೂಲರಿಗೆ ಕಡ್ಡಿ ಹಾಕುವುದು ಕಾಕಾನ ಹೆಂಡತಿ ಕಾಕುವಿನ ಸಂಜೆಯ ವ್ರತವಾಯಿತು. ಬಂದ ನೆಂಟರು ಗಾಬರಿಯಾಗಿ ನೋಡಿದರೆ, "ಭಾಳ ನಿದ್ದಿ ಅದಕ್ಕ" ಎಂದು ಕಾಕಾ ಸಮಾಧಾನ ಹೇಳುತ್ತಿದ್ದರು.

ಕಡೆಗೊಮ್ಮೆ ಕೆಪ್ಯಾಸಿಟರ್ ತಂದರು. ಹಳೆಯದು 2.5 ಮೈಕ್ರೋಫ್ಯಾರಡ್‌ನದು. ಕಾಕಾ ತಂದದ್ದು 4ರದು. "ಜರಾ ದೊಡ್ಡದಿರ್ಲಿ, ಜೋರ್ ತಿರಗ್ತದ." ಅಳತೆ ಮೀರಿದ ಕೆಪ್ಯಾಸಿಟರ್ ಹಾಕಿದರೆ ಸುರುಳಿಯಲ್ಲಿ ಹೆಚ್ಚು ಕರೆಂಟ್ ಹರಿದು ಮೋಟರ್ ಒಳಗೊಳಗೇ ಕಾಯುತ್ತದೆ. ನಾಲ್ಕು ದಿನ ಫ್ಯಾನ್ ಹುರುಪಿನಿಂದ ತಿರುಗಿತು. ಆಮೇಲೆ ಕೋಣೆಯಲ್ಲಿ ವಾರ್ನಿಶ್ ಸುಟ್ಟ ವಾಸನೆ. "ಬಾಜೂ ಮನ್ಯಾಗ ಒಗ್ಗರಣಿ ಸೀದದ," ಎಂದರು ಕಾಕಾ. ಬಾಜೂ ಮನೆಯವರು ಆ ವಾರ ಯಾತ್ರೆಗೆ ಹೋಗಿದ್ದರು.

ಇಲ್ಲಿಯವರೆಗೆ ನಗಬಹುದು. ಮುಂದಿನದು ಹಾಗಲ್ಲ. ಕೂಲರ್ ಹಾಕಿದ ಸ್ವಲ್ಪ ಹೊತ್ತಿಗೆ ಮನೆಯ ಕರೆಂಟೆಲ್ಲ ಟಪ್ಪನೆ ಹೋಗತೊಡಗಿತು. ಮೀಟರಿನ ಪಕ್ಕದ ಟ್ರಿಪ್ ಸ್ವಿಚ್ ಬೀಳುತ್ತಿತ್ತು. ಕರೆಂಟು ದಾರಿ ತಪ್ಪಿ 30 ಮಿಲಿ ಆಂಪಿಯರ್‌ನಷ್ಟು ಸೋರಿದರೂ ಕಡಿದುಹಾಕಲೆಂದೇ ಇಟ್ಟ ಕಾವಲುಗಾರ ಅದು. ಕಾಕಾ ಒಂದು ವಾರ ಎತ್ತೆತ್ತಿ ಹಾಕಿದರು, ಆಮೇಲೆ ಬೇಸತ್ತರು. "ಈ ಸ್ವಿಚ್ಚೇ ಖರಾಬ್ ಅದ, ಸುಮ್ಮಸುಮ್ಮನ ಬೀಳ್ತದ" ಎಂದು ತೀರ್ಪು ಕೊಟ್ಟು, ಅದನ್ನು ಬದಿಗಿಟ್ಟು ತಂತಿಯನ್ನು ನೇರ ಜೋಡಿಸಿದರು. ಕಳ್ಳ ಬಂದನೆಂದು ಬೊಗಳಿದ ನಾಯಿಯನ್ನೇ ಮನೆಯಿಂದ ಹೊರಹಾಕಿದ ಹಾಗಾಯಿತು. ಟಾರ್ಚ್ ಹಿಡಿದವನಿಗೆ ಅಭಿಪ್ರಾಯವಿರಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ನಾನು ಹೇಳಿದ್ದು ಬೆಳಕಿನಷ್ಟೂ ಅವರಿಗೆ ಮುಟ್ಟಲಿಲ್ಲ.

ಮರುದಿನದಿಂದ ಕೂಲರಿನ ತಗಡು ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಅದಕ್ಕೂ ಕಾಕಾನ ಬಳಿ ಪರಿಹಾರವಿತ್ತು: ಕೂಲರಿನ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ. ಎಲ್ಲರ ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕು, ನಮ್ಮ ಮನೆಯಲ್ಲಿ ಒಳಗೆ ಬಂದು ಹಾಕಿಕೊಳ್ಳಬೇಕು. ತಗಡಿನ ಮೈ, ತೊಟ್ಟಿಯ ತುಂಬ ನೀರು, ಒದ್ದೆ ನೆಲ, ಬರಿಗಾಲಿನ ಮಕ್ಕಳು. ಕೂಲರ್ ಮುಟ್ಟಿ ಸತ್ತವರ ಸುದ್ದಿ ಬೇಸಿಗೆಯಲ್ಲಿ ಪತ್ರಿಕೆಗಳ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ಆ ಮನೆಗಳಲ್ಲೂ ಯಾರೋ ಒಬ್ಬರು "ಜರಾ ಜುಮ್ ಅಂತದ, ಅಷ್ಟ" ಎಂದಿದ್ದಿರಬೇಕು.

ಕಾಕು ಜಗಳವಾಡಲಿಲ್ಲ. ಸರಕಾರಿ ವೇಳಾಪಟ್ಟಿಯನ್ನು ಅವರು ಕಾಕಾನಿಗಿಂತ ಚೆನ್ನಾಗಿ ಬಲ್ಲರು. ಕಾಕಾ ಎಂಟಕ್ಕೆ ಕಚೇರಿಗೆ ಹೋದರೆ ಒಂದೂವರೆಯ ತನಕ ಮನೆ ಸ್ವತಂತ್ರ. ಹತ್ತು ಗಂಟೆಗೆ ಮೆಕ್ಯಾನಿಕ್ ಹುಡುಗ ಬಂದ. ಪ್ಲಗ್ ಕಿತ್ತ, ಕೆಪ್ಯಾಸಿಟರಿನಲ್ಲಿ ಉಳಿದ ಕರೆಂಟನ್ನು ಮೊದಲು ಇಳಿಸಿದ, ಆಮೇಲೆ ಕೈ ಹಾಕಿದ. ನೀರಿನಲ್ಲಿ ಮುಳುಗಿ ಕೂರುವ ಪಂಪಿನ ಹೊದಿಕೆ ಬಿರುಕುಬಿಟ್ಟು ಕರೆಂಟು ನೀರಿಗಿಳಿದಿತ್ತು. ಮೂರು ಕಾಲಿನ ಪ್ಲಗ್ಗಿನಲ್ಲಿ ಅರ್ಥಿಂಗ್ ತಂತಿಯೇ ಇರಲಿಲ್ಲ. ಮೀಟರಿನ ಹತ್ತಿರ ಹೋದವನು ಸ್ವಲ್ಪ ಹೊತ್ತು ಮಾತಾಡದೆ ನಿಂತ.

"ಇದು ಯಾರು ನೇರ ಜೋಡ್ಸ್ಯಾರ್ರಿ ಕಾಕೂ?"

"ಮನ್ಯಾಗಿನವ್ರು."

"ಸ್ವಿಚ್ ಚಲೋ ಅದರಿ. ಅದು ಬಿದ್ದಿದ್ದಕ್ಕೇ ನೀವೆಲ್ಲಾ ಎದ್ದು ಕುಂತೀರಿ."

ಎಲ್ಲ ಸರಿಮಾಡಿ ಹೋಗುವಾಗ ಅವನು ಹೇಳಿದ ನಾಲ್ಕು ಮಾತು ಯಾವ ಕಂಪನಿಯ ಕೈಪಿಡಿಗಿಂತಲೂ ಸ್ಪಷ್ಟವಾಗಿದ್ದವು. "ಹುಲ್ಲಿಗಿ ಬೋರ್ ನೀರಿನ ಉಪ್ಪು ಕಟ್ಟಿದ್ರ ಹುಲ್ಲು ಬದಲಿ ಮಾಡ್ರಿ. ನೀರಿನ ಪೈಪಿನ ತೂತು ಮುಚ್ಚಿದ್ರ ಸೂಜಿ ಹಾಕ್ರಿ. ಸೊಳ್ಳಿ ಮರಿ ಆಗಬಾರ್ದು ಅಂದ್ರ ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ತಿಕ್ಕಿ ಒಣಗಿಸ್ರಿ. ಇವು ನಿಮ್ಮ ಕೆಲಸ. ವಾಸನಿ ಮೀನಿನ್ಹಂಗ ಬಂದ್ರ ನೀವು ತೊಳೀರಿ, ಸುಟ್ಟ ರಬ್ಬರಿನ್ಹಂಗ ಬಂದ್ರ ಬಂದ್ ಮಾಡಿ ನನಗ ಫೋನ್ ಹಚ್ರಿ. ಕೈ ಜುಮ್ ಅಂದ್ರ ಫೋನಿಗಿಂತ ಮೊದ್ಲ ಮೇನ್ ತೆಗೀರಿ."

ಎರಡು ಗಂಟೆಗೆ ಕಾಕಾ ಬಂದರು. ಕಡ್ಡಿಯ ಹಂಗಿಲ್ಲದೆ ಕೂಲರ್ ಹಿತವಾಗಿ ತಿರುಗುತ್ತಿತ್ತು. ಚಪ್ಪಲಿ ಬಾಗಿಲಾಚೆ ಹೋಗಿತ್ತು. ಕಾಕಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಗಡಿನ ಮೇಲೆ ಕೈಯಿಟ್ಟು, ಗಂಭೀರವಾಗಿ ಹೇಳಿದರು: "ನಿನ್ನಿ ನಾ ಮಾಡಿದ್ದು ಈಗ ಸೆಟ್ ಆತು ನೋಡು." ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು.

ಈ ಮಾತು ಹೇಳಿ ನಾನು ಎಷ್ಟೋ ಊಟದ ಪಂಕ್ತಿಗಳನ್ನು ನಗಿಸಿದ್ದೇನೆ. ಈಗೀಗ ಅನಿಸುತ್ತದೆ: ಒಂದೊಂದು ಸ್ಕ್ರೂವಿನ ತಲೆಯನ್ನೂ ಗುರುತು ಹಿಡಿಯುವ ಮನುಷ್ಯನಿಗೆ ಹೊಸ ಪಂಪು, ಹೊಸ ಪ್ಲಗ್ಗು ಕಾಣಲಿಲ್ಲವೇ? ಕಂಡೇ ಇರುತ್ತವೆ. ಆಮೇಲೆ ಅವರು ಆ ಟ್ರಿಪ್ ಸ್ವಿಚ್ಚಿನ ತಂಟೆಗೆ ಹೋಗಲೇ ಇಲ್ಲ.

ಕಾಕಾ ಹಾಗಾದದ್ದಕ್ಕೂ ಕಾರಣವಿದೆ. ಅವರು ಬೆಳೆದದ್ದು ಸೇಡಂ ಕಡೆಯ ಹಳ್ಳಿಯಲ್ಲಿ. ಮನೆಯ ರೇಡಿಯೊ ಕೆಟ್ಟರೆ ಬಸ್ಸಿನಲ್ಲಿ ಪಟ್ಟಣಕ್ಕೆ ಕಳಿಸಬೇಕು, ಅದು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮೆಟ್ರಿಕ್ ಆದ ಮೇಲೆ ಓದಲು ದುಡ್ಡಿರಲಿಲ್ಲ. ಕೆಟ್ಟ ರೇಡಿಯೊವೇ ಅವರ ಕಾಲೇಜು. ಓಣಿಯ ಅರ್ಧ ಇಸ್ತ್ರಿಪೆಟ್ಟಿಗೆಗಳು ಇವತ್ತಿಗೂ ಅವರು ಕಟ್ಟಿದ ತಂತಿಯಲ್ಲೇ ಕಾಯುತ್ತವೆ. ಯಾರಿಂದಲೂ ಅವರು ಒಂದು ಪೈಸೆ ಮುಟ್ಟಿದವರಲ್ಲ. ನಮ್ಮ ಕಾಲದ ವಸ್ತುಗಳೋ, ಬಿಚ್ಚಬಾರದೆಂದೇ ಹುಟ್ಟಿದವು. ಮಗನ ಮನೆಗೆ ಎ.ಸಿ. ಬಂದಾಗ ಕಾಕಾ ಅದರ ಬಿಳಿ ಮೈಯನ್ನು ಸವರಿ, "ಸ್ಕ್ರೂ ಎಲ್ಲಿ ಅದಾವ ಇದಕ್ಕ?" ಎಂದು ಕೇಳಿದರು. ಹಚ್ಚಲು ಬಂದ ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಬಿಚ್ಚುವ ಧೈರ್ಯವೇ ಇಲ್ಲದ ನಮ್ಮಂಥವರು, ಬಿಡುವ ವಿವೇಕವಿಲ್ಲದ ಅವರಿಗೆ ಬುದ್ಧಿ ಹೇಳುವುದು ಎಷ್ಟು ಸರಿ? ದೊಡ್ಡ ವೈದ್ಯರು ತಮ್ಮ ಕೈಮೀರಿದ ರೋಗಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೆ ಅದನ್ನು ಯಾರೂ ಸೋಲೆನ್ನುವುದಿಲ್ಲ. ಪಾನಾ ಹಿಡಿದವರಿಗೂ ಆ ಮರ್ಯಾದೆಯನ್ನು ನಾವು ಕೊಟ್ಟಿದ್ದರೆ...

ಇರಲಿ, ಪ್ರವಚನ ಸಾಕು. ಕಾಕಾ ತಮ್ಮ ದಾರಿಯನ್ನು ತಾವೇ ಕಂಡುಕೊಂಡಿದ್ದಾರೆ. ಈಗ ನಿವೃತ್ತರು, ಬೆಳಿಗ್ಗೆ ಹೋಗಲು ಕಚೇರಿಯಿಲ್ಲ. ಕೂಲರ್ ಕೈ ಮೀರಿತು ಎಂದು ಒಳಗೇ ಖಾತ್ರಿಯಾದ ದಿನ ಪೆಟ್ಟಿಗೆಯನ್ನು ಮಂಚದ ಕೆಳಗೆ ದೂಡಿ, ಚೀಲ ಹಿಡಿದು, "ಕಾಯಿಪಲ್ಯಾ ತರ್ತೀನಿ, ಎರಡು ತಾಸು ಆಗ್ತದ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಫ್ರಿಜ್ಜಿನ ತುಂಬ ಕಾಯಿಪಲ್ಯೆ ಇರುತ್ತದೆ. ಕಾಕು ಫೋನ್ ಕೈಗೆತ್ತಿಕೊಳ್ಳುತ್ತ ಹೊಸ್ತಿಲಲ್ಲೇ ಕೇಳುತ್ತಾರೆ:

"ಏನಂತ ಹೇಳ್ಲಿ ಅವಂಗ? ಪಂಪಾ, ಮೋಟರಾ?"

"ಬೇರಿಂಗ್ ಇರಬೇಕು," ಎನ್ನುತ್ತಾರೆ ಕಾಕಾ, ಚಪ್ಪಲಿ ಮೆಟ್ಟುತ್ತ. "ಆದ್ರ ಅವಂಗ ನಾ ಹೇಳೀನಿ ಅನಬ್ಯಾಡ."