ಕೂಸಿನ ಖಾದ್ಯದಲ್ಲಿ ಅಲಂಕಾರಗಳ ಪ್ರಮಾಣ: ಒಂದು ಫಲಿತಾಂಶಾಧಾರಿತ ಅನುಸಂಧಾನ

ಪ್ರಸ್ತುತ ಸಂಪ್ರಬಂಧವು 1729ರಲ್ಲಿ ಡಬ್ಲಿನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾದ ‘ಎ ಮಾಡೆಸ್ಟ್ ಪ್ರಪೋಸಲ್’ ಎಂಬ ಕಿರುಹೊತ್ತಗೆಯನ್ನು ಅದರ ಸಮಸ್ತ ಅಂತರ್‌ಪಠ್ಯೀಯ, ಬಹಿರ್‌ಪಠ್ಯೀಯ ಹಾಗೂ, ಸಮಯಾವಕಾಶ ದೊರೆತಲ್ಲಿ, ಪಠ್ಯೀಯ ಆಯಾಮಗಳಲ್ಲಿ ಅನುಸಂಧಾನಿಸುವ ಒಂದು ವಿನಮ್ರ ಉಪಕ್ರಮವಾಗಿದೆ. ಇದರ ಕರ್ತೃ ಜೊನಾಥನ್ ಸ್ವಿಫ್ಟ್. ಐರ್ಲೆಂಡಿನ ಬಡವರು ತಮ್ಮ ಮಕ್ಕಳನ್ನು ಒಂದು ವರ್ಷ ಸಾಕಿ, ಆಮೇಲೆ ಶ್ರೀಮಂತರ ಊಟದ ಮೇಜಿಗೆ ಮಾರಿಬಿಟ್ಟರೆ ದೇಶದ ದಾರಿದ್ರ್ಯ ನೀಗುತ್ತದೆ ಎಂಬುದು ಕೃತಿಯ ಸಾರಾಂಶ. ಸಾರಾಂಶವು ನಮ್ಮ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ. ನಮ್ಮ ಆಸಕ್ತಿ ಅದರಲ್ಲಿರುವ ಕ್ಲಿಷ್ಟ ಪದಗಳ ಮೇಲೆ.

ಕ್ಲಿಷ್ಟ ಪದಗಳಲ್ಲಿ ಸ್ಥೂಲವಾಗಿ ಮೂರು ವರ್ಗ: ಪಾಕಮೂಲ, ಗಣನಾಮೂಲ, ಉಭಯಮೂಲ. ಪ್ರತಿಯೊಂದರಲ್ಲೂ ವಾಚ್ಯ, ಲಕ್ಷ್ಯ, ವ್ಯಂಗ್ಯ ಮತ್ತು ಪರೀಕ್ಷಾಸಾಧ್ಯ ಎಂಬ ನಾಲ್ಕು ಉಪವರ್ಗ. ಪಾಕಮೂಲಕ್ಕೆ ನಿದರ್ಶನ ‘ಫ್ರಿಕಾಸೀ’ ಮತ್ತು ‘ರಗೂ’. ಇವು ಮಾಂಸದ ತುಂಡುಗಳನ್ನು ಬೇಯಿಸಿ ಮಾಡುವ ಖಾದ್ಯಗಳೆಂದು ಪರೀಕ್ಷಾ ಗೈಡು ಅರ್ಥ ಕೊಡುತ್ತದೆ. ಯಾರ ಮಾಂಸ ಎಂದು ಹೇಳುವುದಿಲ್ಲ. ಒಂದು ಅಂಕದ ಪ್ರಶ್ನೆಗೆ ಅಷ್ಟು ವಿವರ ಬೇಕಿಲ್ಲ. ಗಣನಾಮೂಲ ವರ್ಗವನ್ನು ಮುಂದೆ ನೋಡೋಣ. ಉಭಯಮೂಲವನ್ನು ಓದುಗರು ತಾವೇ ತುಂಬಿಕೊಳ್ಳತಕ್ಕದ್ದು. ಅದನ್ನು ಏಕೆ ಹುಟ್ಟುಹಾಕಿದೆನೋ ನನಗೇ ಮರೆತಿದೆ.

ಇನ್ನು ವಾದತಂತ್ರ. ಈಥೋಸ್ (ಹೇಳುವವನ ಶೀಲ), ಪೇಥೋಸ್ (ಭಾವ), ಲೋಗೋಸ್ (ತರ್ಕ) ಎಂಬ ತ್ರಿಮೂರ್ತಿಗಳನ್ನು ಕರಿಹಲಗೆಯ ಮೇಲೆ ಪ್ರತಿಷ್ಠಾಪಿಸಿ, ಪಠ್ಯದ ಒಂದೊಂದೇ ವಾಕ್ಯವನ್ನು ಹಿಡಿದು ತಂದು ಅವರಲ್ಲೊಬ್ಬರ ಪಾದಕ್ಕೆ ಒಪ್ಪಿಸುವುದು ಸರ್ವಸಮ್ಮತ ವಿಧಾನ. ಲೋಗೋಸ್ ತೀರ ಸುಲಭ. ಅಂಕಿ ಕಂಡಲ್ಲೆಲ್ಲ ಲೋಗೋಸ್. ಐರ್ಲೆಂಡಿನ ಜನಸಂಖ್ಯೆ 15 ಲಕ್ಷ. ಹೆರುವ ಹೆಂಡಿರುಳ್ಳ ದಂಪತಿಗಳು 2 ಲಕ್ಷ. ಮಕ್ಕಳನ್ನು ಸಾಕುವ ಶಕ್ತಿಯುಳ್ಳವರು 30 ಸಾವಿರ, ಕಳೆ. ಗರ್ಭ ನಿಲ್ಲದ್ದು, ವರ್ಷದೊಳಗೆ ಸತ್ತದ್ದು 50 ಸಾವಿರ, ಕಳೆ. ಉಳಿದ 1 ಲಕ್ಷ 20 ಸಾವಿರ ಕೂಸುಗಳಲ್ಲಿ ತಳಿಗೆಂದು 20 ಸಾವಿರ ಇಟ್ಟುಕೊಂಡರೆ ಮಾರಾಟಕ್ಕೆ 1 ಲಕ್ಷ. ತಲೆಗೆ 10 ಶಿಲ್ಲಿಂಗ್ ಬೆಲೆ, ಸಾಕಿದ ಖರ್ಚು 2, ತಾಯಿಗೆ ನಿವ್ವಳ ಲಾಭ 8. ಕೂಡಿ ಕಳೆದದ್ದೆಲ್ಲ ಸರಿಯಿದೆ. ಲೋಗೋಸ್ ಸಿದ್ಧಿಸಿತು, ಎರಡು ಅಂಕ.

ಇಷ್ಟರಲ್ಲಿ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅವಳ ತಾಯಿ ಅಂಗನವಾಡಿ ಕಾರ್ಯಕರ್ತೆ. ‘ಸರ್, ಹುಟ್ಟಿದ ಕೂಸು 12 ಪೌಂಡ್ ಅಂತಾನಲ್ಲ, ಐದು ಕೆಜಿ ಮೇಲಾಯ್ತು. ವರ್ಷ ತುಂಬೋ ಹೊತ್ತಿಗೆ 28 ಪೌಂಡ್ ಅಂದ್ರೆ ಹನ್ನೆರಡೂವರೆ ದಾಟ್ತು. ನಮ್ಮಮ್ಮನ ತೂಕದ ರಿಜಿಸ್ಟರಲ್ಲಿ ವರ್ಷದ ಮಗು ಒಂಬತ್ತು ಕೆಜಿ ಬಂದ್ರೆ ದೊಡ್ಡದು. ಊಟ ಇಲ್ಲದ ಮನೇಲಿ ಇಂಥಾ ಮಗು ಎಲ್ಲಿಂದ ಬಂತು ಸರ್?’

‘ಕೂತ್ಕೊಳಮ್ಮ, ಇದು ಇಂಗ್ಲಿಷ್ ಪೇಪರು’ ಎಂದರು ಪ್ರಾಧ್ಯಾಪಕರು. ಕೋಣೆಯ ಮೂಲೆಯಲ್ಲಿ ಬೋಧನಾ ಅವಲೋಕನಕ್ಕೆಂದು ಕೂತಿದ್ದ ಈ ಸಂಶೋಧಕನು ಸದರಿ ಆಕ್ಷೇಪವನ್ನು ‘ಪಠ್ಯಬಾಹ್ಯ ವ್ಯತ್ಯಯ’ ಎಂದು ನಮೂದಿಸಿಕೊಂಡನು.

ಆದರೆ ಹುಡುಗಿ ಮುಟ್ಟಿದ್ದು ಪ್ರಬಂಧದ ನರವನ್ನೇ. ಸ್ವಿಫ್ಟನಿಗಿಂತ ಒಂದು ತಲೆಮಾರು ಹಿಂದೆ ವಿಲಿಯಂ ಪೆಟ್ಟಿ ಎಂಬ ಪಂಡಿತನಿದ್ದ. ಐರ್ಲೆಂಡನ್ನು ಸರ್ವೆ ಮಾಡಿಸಿದವನು, ‘ರಾಜಕೀಯ ಅಂಕಗಣಿತ’ ಎಂಬ ಶಾಸ್ತ್ರವನ್ನೇ ಕಟ್ಟಿದವನು. ಯುದ್ಧದಲ್ಲಿ ಅಳಿದ ಐರಿಷ್ ಜನರ ಬೆಲೆಯನ್ನು ಆತ ಗುಲಾಮರ ದರದಲ್ಲಿ ಕಟ್ಟಿದ: ಸರಾಸರಿ ತಲೆಗೆ 15 ಪೌಂಡ್, ಮಕ್ಕಳಿಗೆ 5. ಯಾರೂ ನಗಲಿಲ್ಲ, ಅದು ವಿದ್ವತ್ತು. ಸ್ವಿಫ್ಟ್ ಕಟಕಟೆಗೆ ಎಳೆದು ತಂದದ್ದು ಈ ಲೋಗೋಸನ್ನು. ನಾವು ಆ ಆರೋಪಿಗೆ ಎರಡು ಅಂಕ ಕೊಟ್ಟು ಬಿಟ್ಟು ಕಳಿಸುತ್ತೇವೆ.

ಕೋರ್ಸ್ ಔಟ್‌ಕಮ್ಮುಗಳನ್ನು, ಅಂದರೆ ಪಾಠದ ಕಲಿಕಾಫಲಗಳನ್ನು, ಇಡೀ ಪದವಿಯ ಪ್ರೋಗ್ರಾಮ್ ಔಟ್‌ಕಮ್ಮುಗಳಿಗೆ ಜೋಡಿಸುವ ಕೋಷ್ಟಕವನ್ನು ಪ್ರಸ್ತಾಪಿಸದಿದ್ದರೆ ಅನುಸಂಧಾನ ಅಪೂರ್ಣ. ಗಾಢ ಸಂಬಂಧಕ್ಕೆ 3, ಮಧ್ಯಮಕ್ಕೆ 2, ಅಲ್ಪಕ್ಕೆ 1, ಇಲ್ಲದ್ದಕ್ಕೆ ಅಡ್ಡಗೆರೆ. ಪರಿಶೀಲನಾ ತಂಡ ಬರುವ ಹಿಂದಿನ ರಾತ್ರಿ ಸ್ಟಾಫ್ ರೂಮಿನಲ್ಲಿ ಬಿಸ್ಕತ್ತು ತಿನ್ನುತ್ತ, ‘ಸ್ವಿಫ್ಟನ ವ್ಯಂಗ್ಯವನ್ನು ಗುರುತಿಸುವರು’ ಎಂಬುದಕ್ಕೂ ‘ಪರಿಸರ ಮತ್ತು ಸುಸ್ಥಿರತೆ’ಗೂ ಇರುವ ಸಂಬಂಧ 2 ಎಂದು ಒಮ್ಮತದಿಂದ ತೀರ್ಮಾನಿಸಿದೆವು. 1 ಹಾಕಿದರೆ ಸರಾಸರಿ ಇಳಿಯುತ್ತಿತ್ತು. ಹಸಿವಿಗೆ ಕಾಲಮ್ಮೇ ಇರಲಿಲ್ಲ, ಹಾಗಾಗಿ ಅಡ್ಡಗೆರೆ ಎಳೆಯುವ ಪ್ರಮೇಯವೂ ಬರಲಿಲ್ಲ.

ಸಂಪ್ರಬಂಧದ ಶಿಸ್ತು ಸ್ವಲ್ಪ ಹೊತ್ತು ಬದಿಗಿರಲಿ. ಸ್ವಿಫ್ಟನ ಪ್ರಬಂಧ ಬಂದದ್ದು ಮೇಲಿಂದ ಮೇಲೆ ಬೆಳೆ ಕೈಕೊಟ್ಟ ವರ್ಷಗಳಲ್ಲಿ. ಬರೆದವನು ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್ಲಿನ ಡೀನ್, ಅರವತ್ತು ದಾಟಿದವನು. ಅಚ್ಚು ಹಾಕಿದವಳು ಸಾರಾ ಹಾರ್ಡಿಂಗ್ ಎಂಬ ವಿಧವೆ. ಅವಳ ಗಂಡ ಜಾನ್, ಇದೇ ಸ್ವಿಫ್ಟನ ‘ಡ್ರೇಪಿಯರ್ಸ್ ಲೆಟರ್ಸ್’ ಎಂಬ ಸರ್ಕಾರ-ವಿರೋಧಿ ಪತ್ರಗಳನ್ನು ಅಚ್ಚು ಹಾಕಿದ್ದಕ್ಕೆ 1724ರಲ್ಲಿ ಸೆರೆಯಾಗಿ ಮರುವರ್ಷ ತೀರಿಕೊಂಡವನು. ಆಗ ಬರೆದವನನ್ನು ಹಿಡಿದುಕೊಟ್ಟವರಿಗೆ 300 ಪೌಂಡ್ ಇನಾಮು ಸಾರಿದ್ದರು. ಯಾರೆಂದು ಡಬ್ಲಿನ್ನಿಗೆಲ್ಲ ಗೊತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಇದು ಯಾವ ಗೈಡಿನ ಯಾವ ಪುಟದಲ್ಲಿದೆ?

ಪ್ರಬಂಧದ ಕೊನೆಯ ಹತ್ತಿರ ಒಂದು ಪ್ಯಾರಾ ಬರುತ್ತದೆ. ಊರಲ್ಲಿರದೆ ಗೇಣಿ ಮಾತ್ರ ಎಣಿಸುವ ಜಮೀನ್ದಾರರಿಗೆ ಪೌಂಡಿಗೆ 5 ಶಿಲ್ಲಿಂಗ್ ತೆರಿಗೆ, ನಮ್ಮಲ್ಲೇ ಬೆಳೆದು ನೇಯ್ದ ಬಟ್ಟೆ, ಒಕ್ಕಲುಗಳ ಮೇಲೆ ಒಂದಿಷ್ಟಾದರೂ ಕರುಣೆ, ಇಂಥ ಉಪಾಯಗಳನ್ನು ಯಾರೂ ತನ್ನ ಮುಂದೆ ಎತ್ತಕೂಡದು ಎಂದು ಸ್ವಿಫ್ಟ್ ಸೃಷ್ಟಿಸಿದ ಪ್ರಸ್ತಾವಕ ಗದರುತ್ತಾನೆ. ಅವು ಸ್ವಿಫ್ಟ್ 1720ರಿಂದ ನೇರ ಮಾತಿನಲ್ಲಿ ಹೇಳಿ ಹೇಳಿ ಸೋತ ಉಪಾಯಗಳೇ. ನಾನು ಕಂಡ ಗೈಡೊಂದರಲ್ಲಿ ಇದರ ಪಕ್ಕಕ್ಕೆ ‘ಪ್ಯಾರಲಿಪ್ಸಿಸ್ (ಹೇಳುವುದಿಲ್ಲವೆನ್ನುತ್ತಲೇ ಹೇಳುವ ಅಲಂಕಾರ). ಪರೀಕ್ಷಾ ದೃಷ್ಟಿಯಿಂದ ಮುಖ್ಯವಲ್ಲ’ ಎಂದಿತ್ತು. ಮುಖ್ಯವಲ್ಲವಂತೆ! ಒಬ್ಬ ಮನುಷ್ಯ ಒಂಬತ್ತು ವರ್ಷ ಅಂಗಲಾಚಿ, ಯಾರೂ ಕಿವಿಗೊಡದಾಗ, ಹಾಗಾದರೆ ಮಕ್ಕಳನ್ನೇ ತಿನ್ನಿ ಎಂದು ಬರೆಯುತ್ತಾನೆ. ನಮ್ಮ ಮಕ್ಕಳ ಕೈಗೆ ನಾವು ಕೊಡುವುದು ಆ ಸಿಟ್ಟಿಗೆ ಇಟ್ಟ ಗ್ರೀಕ್ ಹೆಸರನ್ನು. ಅದನ್ನೂ ಕಾಗುಣಿತ ತಪ್ಪಿಲ್ಲದೆ ಬರೆದರೆ ಮಾತ್ರ ಅಂಕ. ಆ ಹುಡುಗಿ ಇಂಟರ್ನಲ್ಸ್‌ನಲ್ಲಿ ಕೂಸಿನ ತೂಕದ ವಿಚಾರವನ್ನೇ ಬರೆದಿದ್ದಳು. ಮಾರ್ಜಿನ್ನಿನಲ್ಲಿ ಕೆಂಪು ಶಾಯಿಯಲ್ಲಿ ‘ಅಪ್ರಸ್ತುತ’ ಎಂದಿತ್ತು.

ನಿಯಮಾನುಸಾರ ಒಂದು ಘೋಷಣೆ ಬಾಕಿಯಿದೆ. ತನ್ನ ಕಡೆಯ ಮಗುವಿಗೆ ಒಂಬತ್ತು ವರ್ಷವಾಗಿದೆ, ಹೆಂಡತಿಗೆ ಹೆರುವ ವಯಸ್ಸು ಮೀರಿದೆ, ಆದ್ದರಿಂದ ಈ ಯೋಜನೆಯಲ್ಲಿ ತನಗೆ ಬಿಡಿಗಾಸಿನ ಲಾಭವಿಲ್ಲ ಎಂದು ಪ್ರಸ್ತಾವಕ ಪ್ರಮಾಣ ಮಾಡಿ ಮುಗಿಸುತ್ತಾನೆ. ಪ್ರಸ್ತುತ ಸಂಪ್ರಬಂಧಕಾರನೂ ಈ ಮೂಲಕ ದೃಢೀಕರಿಸುವುದೇನೆಂದರೆ, ಬಡ್ತಿಗೆ ಬೇಕಾದ ಅಂಕಗಳು ಆತನಿಗೆ ಈಗಾಗಲೇ ಭರ್ತಿಯಾಗಿವೆ.