ಖಾರದ ಪುಡಿ ಮತ್ತು ಐದನೇ ಆಸಾಮಿ

“ಖಚಿತ ಬಾತ್ಮಿ ಬಂದ ಮೇರೆಗೆ ನಾನು ಪಂಚರು ಹಾಗೂ ಸಿಬ್ಬಂದಿಯೊಂದಿಗೆ ಇಲಾಖಾ ಜೀಪಿನಲ್ಲಿ ಹೊರಟು, ರಾತ್ರಿ 11-30ರ ಸಮಯದಲ್ಲಿ ಸ್ಮಶಾನದ ಪಕ್ಕದ ಖಾಲಿ ಜಾಗದ ಬಳಿ ಹೋಗಿ, ಜೀಪನ್ನು ದೂರದಲ್ಲಿ ನಿಲ್ಲಿಸಿ, ಮರೆಯಲ್ಲಿ ನಿಂತು ಬೀದಿ ದೀಪದ ಬೆಳಕಿನಲ್ಲಿ ನೋಡಲಾಗಿ, ಐದು ಜನ ಆಸಾಮಿಗಳು ಮಾರಕಾಸ್ತ್ರಗಳನ್ನು ಹಿಡಿದುಕೊಂಡು, ಈ ದಾರಿಯಲ್ಲಿ ಬರುವ ಸಾರ್ವಜನಿಕರನ್ನು ಅಡ್ಡಗಟ್ಟಿ ಹೆದರಿಸಿ ದರೋಡೆ ಮಾಡೋಣವೆಂದು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಿದ್ದು...”

ವಾಕ್ಯ ಇನ್ನೂ ಮುಗಿದಿಲ್ಲ. ಆಸಾಮಿಗಳು ಓಡಲು ಯತ್ನಿಸಿ, ಮೂವರು ಸಿಕ್ಕಿ, ಇಬ್ಬರು ಕತ್ತಲಲ್ಲಿ ತಪ್ಪಿಸಿಕೊಂಡು, ಸಿಕ್ಕವರು ಹೆಸರು ಕೇಳಲಾಗಿ ತಡಬಡಾಯಿಸಿ, ಒಂದು ಲಾಂಗು, ಒಂದು ಮಚ್ಚು, ಎರಡು ದೊಣ್ಣೆ, ಒಂದು ನೈಲಾನ್ ಹಗ್ಗ ಹಾಗೂ ಒಂದು ಪೊಟ್ಟಣ ಖಾರದ ಪುಡಿ ಜಫ್ತಿಯಾದ ಮೇಲೆಯೇ ಪೂರ್ಣವಿರಾಮ. ಇದು ಯಾವುದೇ ಒಂದು ಠಾಣೆಯ ಕೃತಿಯಲ್ಲ. ನನ್ನ ಬೀರುವಿನ ಕಡತಗಳಿಂದ ಒಂದೊಂದು ಎಳೆ ತೆಗೆದು ನಾನೇ ಹೆಣೆದದ್ದು. ಹೆಣೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ; ಎಳೆಗಳೆಲ್ಲ ಒಂದೇ ಮಗ್ಗದವು.

ನಾನು ಕ್ರಿಮಿನಲ್ ವಕೀಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ ಪಕ್ಕದವರು ಕೇಳುವ ಪ್ರಶ್ನೆ ಒಂದೇ: “ಅಂಥವರ ಪರ ಹೇಗೆ ಸಾರ್ ವಾದ ಮಾಡ್ತೀರಾ?” ಪಾಯಸ ಬರುವಷ್ಟರಲ್ಲಿ ಸಂವಿಧಾನದ 22ನೇ ವಿಧಿ ವಿವರಿಸಲಾಗುವುದಿಲ್ಲ. ಹಾಗಾಗಿ ಈಗೀಗ ಹೇಳುತ್ತೇನೆ: ನಾನು ವಾದ ಮಾಡುವುದು ಕಡಿಮೆ ಸ್ವಾಮಿ, ಓದುವುದು ಹೆಚ್ಚು. ಎಂಟು ಜ್ಞಾನಪೀಠ ಪಡೆದ ಭಾಷೆಯಲ್ಲಿ ಪ್ರತಿದಿನ, ಪ್ರತಿ ಠಾಣೆಯಲ್ಲಿ, ಸಂಭಾವನೆಯಿಲ್ಲದೆ ಸೃಷ್ಟಿಯಾಗುವ ಗದ್ಯಪ್ರಕಾರವೊಂದಿದೆ. ಅದಕ್ಕೆ ವಿಮರ್ಶಕರಿಲ್ಲ. ಆ ಕೊರತೆ ತುಂಬುವ ಬಡಪಾಯಿ ನಾನು.

ಮೊದಲು ಕಥಾವಸ್ತು. ಆಸಾಮಿಗಳು ಯಾವಾಗಲೂ ಐದೇ ಜನ ಏಕೆ? ನಾಲ್ವರು ಸೇರಿ ಸಂಚು ಮಾಡಬಾರದೆಂದು ಕಳ್ಳರಲ್ಲಿ ಕಟ್ಟಳೆಯೇನಾದರೂ ಇದೆಯೇ? ಕಟ್ಟಳೆ ಇರುವುದು ಕಾನೂನಿನಲ್ಲಿ. ಐದು ಅಥವಾ ಹೆಚ್ಚು ಜನ ಸೇರಿದರೆ ಮಾತ್ರ ಅದು ದರೋಡೆ. ಹಳೆಯ ಐಪಿಸಿಯ 399, 402ನೇ ಕಲಮುಗಳು, ಈಗಿನ ನ್ಯಾಯ ಸಂಹಿತೆಯ 310ರ 4 ಮತ್ತು 5ನೇ ಉಪಕಲಮುಗಳು, ಬರೀ ಸಿದ್ಧತೆಗೆ ಹತ್ತು ವರ್ಷದವರೆಗೆ, ಬರೀ ಒಟ್ಟುಗೂಡಿದ್ದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತವೆ. ಠಾಣೆಗೆ ಸಿಕ್ಕವರು ಮೂರೇ ಜನ ಇದ್ದರೆ ಲೆಕ್ಕ ಸರಿಹೋಗಬೇಕಲ್ಲ, ಇಬ್ಬರು ಕತ್ತಲಲ್ಲಿ ಓಡಲೇಬೇಕು. ಬೀದಿ ದೀಪ ಐವರ ಮುಖ ತೋರಿಸುವಷ್ಟು ಪ್ರಖರವಾಗಿಯೂ, ಇಬ್ಬರು ಮಾಯವಾಗುವಷ್ಟು ಮಂಕಾಗಿಯೂ ಏಕಕಾಲಕ್ಕೆ ಉರಿಯುತ್ತಿರುತ್ತದೆ. ವಿದ್ಯುತ್ ಕಂಪನಿಯವರು ಇದನ್ನು ಒಮ್ಮೆ ಅಧ್ಯಯನ ಮಾಡಬೇಕು.

ಇಂಥ ಕೇಸಿನ ದೊಡ್ಡ ಅನುಕೂಲವೆಂದರೆ ದರೋಡೆ ನಡೆದೇ ಇರುವುದಿಲ್ಲ. ಕಳೆದುಕೊಂಡವರಿಲ್ಲ, ಗಾಯಗೊಂಡವರಿಲ್ಲ. ದೂರುದಾರರು ಇನ್‌ಸ್ಪೆಕ್ಟರ್ ಸಾಹೇಬರು, ಕಣ್ಣಾರೆ ಕಂಡವರು ಅವರೇ, ಕಿವಿಯಾರೆ ಕೇಳಿದವರೂ ಅವರೇ. ಮಚ್ಚು ಹಿಡಿದ ಐವರು ತಮ್ಮ ಸಂಚನ್ನು ಪೊದೆಯ ಹಿಂದಿನವರಿಗೂ ಕೇಳಿಸುವಂತೆ, ಕಲಮಿಗೆ ಬೇಕಾದ ಪದಗಳಲ್ಲೇ, ಶುದ್ಧ ಗ್ರಾಂಥಿಕದಲ್ಲಿ ಚರ್ಚಿಸುತ್ತಾರೆ. ಖಾರದ ಪುಡಿಯ ಬಗ್ಗೆ ನನಗೆ ಒಂದು ಬಗೆಯ ಪ್ರೀತಿಯೇ ಹುಟ್ಟಿದೆ. ಜಗತ್ತು ಎಲ್ಲಿಂದೆಲ್ಲಿಗೋ ಹೋಯಿತು, ಕಳ್ಳರು ಆನ್‌ಲೈನಿಗೆ ಹೋದರು. ಸ್ಮಶಾನದ ಪಕ್ಕದ ಈ ಐವರು ಮಾತ್ರ ಪೊಟ್ಟಣ ಬಿಟ್ಟಿಲ್ಲ. ಬ್ಯಾಡಗಿಯೋ ಗುಂಟೂರೋ ಎಂದು ಪಾಟೀಸವಾಲಿನಲ್ಲಿ ಕೇಳೋಣವೆಂದು ಎಷ್ಟೋ ಸಲ ನಾಲಗೆ ತುದಿಗೆ ಬಂದಿದೆ.

ಇನ್ನು ಪಂಚರು. ಶೋಧನೆಗೆ ಆ ಪ್ರದೇಶದ ಇಬ್ಬರು ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಬೇಕೆಂದು ಕಾನೂನು ಹೇಳುತ್ತದೆ. ನಡುರಾತ್ರಿ ಸ್ಮಶಾನದ ಬಳಿ ಗೌರವಾನ್ವಿತರು ಸಿಗುವುದು ಕಷ್ಟ, ನಿಜ. ಆದರೂ ಸಿಗುತ್ತಾರೆ. ಕೋರ್ಟಿನಲ್ಲಿ ಅವರ ಪರಿಚಯವಾಗುವುದು ಹೀಗೆ:

“ನಿಮಗೇನು ಕೆಲಸ?”

“ಟೀ ಅಂಗಡಿ ಸಾರ್.”

“ಎಲ್ಲಿ?”

“ಸ್ಟೇಷನ್ ಎದುರಿಗೆ.”

“ಈ ಮಹಜರಿಗೆ ಎಲ್ಲಿ ಸಹಿ ಹಾಕಿದ್ರಿ?”

“ಅಂಗಡೀಲೇ ಸಾರ್. ಗಿರಾಕಿ ಇದ್ರು, ಬರೋಕಾಗ್ಲಿಲ್ಲ.”

ಈ ಮನುಷ್ಯನನ್ನು ಅಭಿಯೋಜಕರು ಕೂಡಲೇ ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ಕೋರುತ್ತಾರೆ. ಇಡೀ ಕಡತದಲ್ಲಿ ನಿಜ ಹೇಳಿದ ಮೊದಲ ವ್ಯಕ್ತಿಗೆ ನಮ್ಮ ನ್ಯಾಯವ್ಯವಸ್ಥೆ ಕೊಡುವ ಬಿರುದು ಅದು.

ಗಾಂಜಾ ಕೇಸುಗಳ ಗದ್ಯ ಇನ್ನೂ ಭಾವಪೂರ್ಣ. ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮಿನ ಪ್ರಕಾರ, ಮೈ ಶೋಧಿಸುವ ಮೊದಲು ಆಸಾಮಿಗೆ ಹೇಳಬೇಕು: ನಿನ್ನನ್ನು ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಶೋಧಿಸಬೇಕೆಂದು ಕೇಳುವ ಹಕ್ಕು ನಿನಗಿದೆ. ಹೀಗೆ ತಿಳಿಸುವುದು ಕಡ್ಡಾಯ, ಕಾಟಾಚಾರಕ್ಕಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಮತ್ತೊಮ್ಮೆ ಹೇಳಿತು. ನನ್ನ ಕಡತಗಳ ಆಸಾಮಿಗಳು ಹೆಚ್ಚಾಗಿ ಏನು ಉತ್ತರಿಸುತ್ತಾರೆ ಗೊತ್ತೇ? “ನಮಗೆ ತಮ್ಮ ಮೇಲೆಯೇ ಪೂರ್ಣ ನಂಬಿಕೆ ಇದೆ, ತಾವೇ ಶೋಧಿಸಿ.” ಜೇಬಿನಲ್ಲಿ ಗಾಂಜಾ, ಎದುರಿಗೆ ಇನ್‌ಸ್ಪೆಕ್ಟರ್, ಎದೆಯಲ್ಲಿ ಅಪಾರ ವಿಶ್ವಾಸ. ಪೊಲೀಸರ ಮೇಲೆ ಜನರಿಗೆ ನಂಬಿಕೆ ಇಲ್ಲವೆಂದು ದೂರುವವರು ಈ ಮಹಜರುಗಳನ್ನು ಓದಬೇಕು.

ಆದರೆ ಪೊಲೀಸರ ಮೇಲೆ ನಂಬಿಕೆ ಇಲ್ಲದ ಒಂದು ಸಂಸ್ಥೆ ಇದೆ. ಅದು ಶಾಸನಸಭೆ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದಿತು. ವಸಾಹತುಶಾಹಿ ಕಳಂಕ ತೊಳೆಯುತ್ತೇವೆಂದು 2023ರಲ್ಲಿ ಮೂರೂ ಕ್ರಿಮಿನಲ್ ಕಾನೂನುಗಳ ಹೆಸರು ಬದಲಾಯಿಸಿದರಲ್ಲ, ಆಗಲೂ ಈ ಅಪನಂಬಿಕೆಯನ್ನು ಮಾತ್ರ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನೊಳಗೆ ಜೋಪಾನವಾಗಿ ಸಾಗಿಸಿದರು. ಬ್ರಿಟಿಷರ ಎಲ್ಲ ಅಭಿಪ್ರಾಯಗಳೂ ತಪ್ಪಾಗಿರಲಿಲ್ಲ ಎಂದಾಯಿತು.

ಅದೇ ಕಲಮಿಗೆ ಒಂದು ಕಿಂಡಿಯೂ ಇದೆ. ಆರೋಪಿಯ ಮಾತಿನಿಂದ ಏನಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕುವಿನ ಉದಾಹರಣೆ ಕೊಟ್ಟು ಇದರ ಎಲ್ಲೆ ಗುರುತಿಸಿತು. ಆವತ್ತಿನಿಂದ ಇವತ್ತಿನವರೆಗೆ ಆರೋಪಿಗಳು ಸೂರು, ಪೊದೆ, ಪಾಳುಬಾವಿಗಳಲ್ಲಿ ಆಯುಧ ಇಡುತ್ತಲೇ ಇದ್ದಾರೆ. ಎಸೆದು ಹೋಗುವವರು ಅಪರೂಪ. ಆ ಸ್ವ-ಇಚ್ಛಾ ಹೇಳಿಕೆಯ ಭಾಷೆ ನೋಡಬೇಕು ನೀವು. ಶಾಲೆಯ ಮೆಟ್ಟಿಲು ಹತ್ತದ ಗಾರೆ ಕೆಲಸದವನು, ಐಷಾರಾಮಿ ಜೀವನ ನಡೆಸುವ ದುರುದ್ದೇಶದಿಂದ ಸದರಿ ಕೃತ್ಯ ಎಸಗಿದ್ದಾಗಿ ಹೇಳಿ, ನನ್ನನ್ನು ಕರೆದುಕೊಂಡು ಹೋದಲ್ಲಿ ಆಯುಧವನ್ನು ಹಾಜರುಪಡಿಸುತ್ತೇನೆ ಎನ್ನುತ್ತಾನೆ. ಬೇರೆ ವರ್ಷ, ಬೇರೆ ಕೇಸು, ಬೇರೆ ಆರೋಪಿ. ವಾಕ್ಯ ಅದೇ, ಕಾಗುಣಿತದ ತಪ್ಪೂ ಅದೇ.

ಇಷ್ಟು ಹೊತ್ತು ನಕ್ಕದ್ದು ಸಾಕು. ಈ ಗದ್ಯ ಓದಿ ಮುಗಿಯುವವರೆಗೆ ಅದರ ಪಾತ್ರಗಳು ಎಲ್ಲಿರುತ್ತವೆ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು ಎನ್ನುತ್ತದೆ ಅಪರಾಧ ದಾಖಲೆಗಳ ಬ್ಯೂರೋ. ನಾಲ್ವರಲ್ಲಿ ಮೂವರು, ತೀರ್ಪಿಲ್ಲದೆ. ಜಾಮೀನು ಸಿಕ್ಕರೂ ಹೊರಬರಲಾಗದವರು ಬೇರೆ. 1978ರಲ್ಲಿ ಮಧ್ಯಪ್ರದೇಶದ ಒಬ್ಬ ಬಡ ಮೇಸ್ತ್ರಿಗೆ ಹತ್ತು ಸಾವಿರದ ಜಾಮೀನು ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಿಡಿಕಾರಿದ್ದರು. ಇವತ್ತಿಗೂ ನನ್ನ ಕಕ್ಷಿದಾರನ ಹೆಂಡತಿ ಪಹಣಿ ಇರುವ ಪುಣ್ಯಾತ್ಮನೊಬ್ಬನನ್ನು ಹುಡುಕುತ್ತಾ ಕೋರ್ಟಿನ ಆವರಣದಲ್ಲಿ ಅಲೆಯುತ್ತಾಳೆ. ಬಾಡಿಗೆಗೆ ಜಾಮೀನು ನಿಲ್ಲುವವರು ಅವಳನ್ನು ದೂರದಿಂದಲೇ ಗುರುತಿಸುತ್ತಾರೆ.

ಕೊನೆಗೆ ಖುಲಾಸೆಯಾಗುತ್ತದೆ. ಮರುದಿನ ಪೇಪರಿನಲ್ಲಿ: ‘ತಾಂತ್ರಿಕ ಕಾರಣಕ್ಕೆ ಬಿಡುಗಡೆ’. ಯಾವುದು ಸ್ವಾಮಿ ತಾಂತ್ರಿಕ? ಸೋಮವಾರ ಕೆಲಸದ ಜಾಗದಿಂದ ಎಳೆದೊಯ್ದವನನ್ನು ಬುಧವಾರ ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಅನುಮಾನಾಸ್ಪದವಾಗಿ ನಿಂತಿದ್ದ ಎಂದು ಬರೆಯುವುದೇ? 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ಮೂಲಭೂತ ಹಕ್ಕನ್ನು ಕ್ಯಾಲೆಂಡರ್ ತಿದ್ದಿ ಪಾಲಿಸುವುದೇ? ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ನಾನು ಅರ್ಜಿ ಹಾಕಿದಾಗಲೆಲ್ಲ ಸರಿಯಾಗಿ ಆ ಸೋಮವಾರ, ಮಂಗಳವಾರ ಕ್ಯಾಮೆರಾ ದುರಸ್ತಿಯಲ್ಲಿತ್ತು. ಬುಧವಾರ ಬೆಳಿಗ್ಗೆಯಿಂದ ಚೆನ್ನಾಗಿ ಕೆಲಸ ಮಾಡಿದೆ.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ನಾನು ವಕಾಲತ್ತು ಹಿಡಿದ ಆರೋಪಿಗಳೆಲ್ಲರೂ ಸಂಪನ್ನರಲ್ಲ. ಅದನ್ನು ಮದುವೆ ಮನೆಯಲ್ಲೂ ಒಪ್ಪಿಕೊಳ್ಳುತ್ತೇನೆ. ನಿಜವಾಗಿ ಕೊಂದವನೂ ತಪ್ಪಿಸಿಕೊಂಡಿದ್ದಾನೆ, ಕಾರಣ ನನ್ನ ಚಾತುರ್ಯವಲ್ಲ. ಅವನ ಬೆರಳಚ್ಚು, ಫೋನಿನ ದಾಖಲೆ, ರಕ್ತದ ಕಲೆ ಎಲ್ಲ ಹುಡುಕಿದರೆ ಸಿಗುತ್ತಿತ್ತು. ಹುಡುಕುವುದು ಕಷ್ಟ, ಬರೆಯುವುದು ಸುಲಭ. ಟೀ ಅಂಗಡಿಯವನ ಸಹಿಯ ಮೇಲೆ ನಿಂತ ಕೇಸು ಬಿದ್ದಾಗ, ಸತ್ತವನ ತಾಯಿ ಕೋರ್ಟ್ ಹಾಲ್ ಹೊರಗೆ ಶಾಪ ಹಾಕುವುದು ನನಗೆ. ಬರೆದವರಿಗೆ ಅಷ್ಟರಲ್ಲಿ ಬೇರೆ ಠಾಣೆಗೆ ವರ್ಗವಾಗಿರುತ್ತದೆ, ಕೆಲವೊಮ್ಮೆ ಪದಕವೂ ಬಂದಿರುತ್ತದೆ.

ಇಷ್ಟೆಲ್ಲ ಓದು ಏಕೆ, ಬೇಗ ತೀರ್ಪು ಕೊಡಿ ಎನ್ನುವವರಿದ್ದಾರೆ. ಕೊಟ್ಟು ನೋಡಿದ್ದೇವೆ. 2013ರಲ್ಲಿ ಮಧ್ಯಪ್ರದೇಶದ ಖಂಡ್ವಾದಲ್ಲಿ ಬಾಲಕಿಯೊಬ್ಬಳ ಅತ್ಯಾಚಾರ, ಕೊಲೆ ಪ್ರಕರಣದ ವಿಚಾರಣೆ 13 ದಿನಗಳಲ್ಲಿ ಮುಗಿದು ಗಲ್ಲುಶಿಕ್ಷೆಯಾಯಿತು. ಆರೋಪಿಗೆ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಿದ್ದರು. ಆ ವಕೀಲರಿಗೆ ಕಡತ ಬಿಚ್ಚಲೂ ಸಮಯವಿರಲಿಲ್ಲ. ದೇಶ ಚಪ್ಪಾಳೆ ತಟ್ಟುವಂಥ ವೇಗ. 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿ, ಇಂಥ ಪ್ರಕರಣಗಳಲ್ಲಿ ವಕೀಲರಿಗೆ ತಯಾರಿಗೆ ಕನಿಷ್ಠ ಏಳು ದಿನ ಕೊಡಿ ಎಂದಿತು. 2024ರಲ್ಲಿ ಆ ಮನುಷ್ಯ ಖುಲಾಸೆಯಾದ. 13 ದಿನದ ಅವಸರಕ್ಕೆ 11 ವರ್ಷದ ಬಡ್ಡಿ. ಆ ಮಗುವಿಗೆ ಯಾವ ನ್ಯಾಯ ಬೇಗ ಸಿಕ್ಕಿತು ಎಂದು ಚಪ್ಪಾಳೆ ತಟ್ಟುವವರು ಹೇಳಬೇಕು.

ಓದುವುದೇ ಬೇಡ ಎನ್ನುವ ವಕೀಲರೂ ಇದ್ದಾರೆ, ನಮ್ಮವರೇ. ಇಂಥವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಸಂಘದಲ್ಲಿ ನಿರ್ಣಯ ಮಾಡುತ್ತಾರೆ. ಅಂಥ ನಿರ್ಣಯಗಳು ಕಾನೂನಿನ ದೃಷ್ಟಿಯಲ್ಲಿ ಶೂನ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ತಮಿಳುನಾಡಿನ ಪ್ರಕರಣದಲ್ಲಿ ಹೇಳಿದೆ. ಹತ್ತು ವರ್ಷದ ಬಳಿಕ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ನಿರ್ಣಯ. ಹೈಕೋರ್ಟ್ ಕಿವಿ ಹಿಂಡಬೇಕಾಯಿತು, ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಜಾಮೀನು ಅರ್ಜಿ ಹಾಕಬೇಕಾಯಿತು. ವಕೀಲರಿಂದ ವಕೀಲರನ್ನು ಪೊಲೀಸರು ಕಾಪಾಡಿದ ಆ ದಿನ, ಪೊಲೀಸರ ಬಗ್ಗೆ ನಾನು ಬರೆದದ್ದೆಲ್ಲ ಒಂದು ಗಳಿಗೆ ನನಗೇ ಹೆಚ್ಚೆನಿಸಿತ್ತು.

ಈಗ ಈ ಸಾಹಿತ್ಯಕ್ಕೆ ಹೊಸ ಯುಗ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆ, ಜಫ್ತಿಗಳನ್ನು ಧ್ವನಿ ಸಹಿತ ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಗದ್ಯದಿಂದ ಸಿನಿಮಾಕ್ಕೆ ಬಡ್ತಿ. ನಾನೂ ವಿಮರ್ಶೆಯ ಪರಿಕರ ಬದಲಾಯಿಸಿಕೊಂಡು, ಲ್ಯಾಪ್‌ಟಾಪ್ ಹಿಡಿದು ಪಾಟೀಸವಾಲಿಗೆ ನಿಂತೆ. ಪಾಳುಬಾವಿಯ ದೃಶ್ಯ.

“ವಿಡಿಯೊದಲ್ಲಿ ಆರೋಪಿ ಇನ್ನೂ ಜೀಪಿನಿಂದ ಇಳೀತಾ ಇದ್ದಾನೆ. ಹೌದಾ?”

“ಹೌದು.”

“ಅಷ್ಟರಲ್ಲೇ ಬಾವಿಯಿಂದ ಮೇಲೆ ಹತ್ತಿ ಬರ್ತಾ ಇರೋರು ಯಾರು?”

“ನಮ್ಮ ಸಿಬ್ಬಂದಿ.”

“ಅವರ ಕೈಯಲ್ಲೇನಿದೆ?”

“ಮಚ್ಚು.”

“ಆರೋಪಿ ಜಾಗ ತೋರಿಸೋ ಮೊದಲೇ ಮಚ್ಚು ಹೇಗೆ ಸಿಕ್ತು?”

ಸಾಹೇಬರು ಪರದೆಯನ್ನು ಇನ್ನೊಮ್ಮೆ ನೋಡಿದರು. ಅಭಿಯೋಜಕರನ್ನು ನೋಡಿದರು.

“ಎಡಿಟಿಂಗ್‌ನಲ್ಲಿ ಹಿಂದುಮುಂದಾಗಿದೆ ಸಾರ್.”