ಹದಿನಾರನೆಯ ಫೇಡರಿನ ಸಂದರ್ಶನ

ಮಿಕ್ಸರ್ ಎಂಬ ಹಲಗೆಯ ಮೇಲೆ ಒಂದೊಂದು ಮೈಕಿನ ಧ್ವನಿಯನ್ನು ಏರಿಸಲು, ಇಳಿಸಲು ಇರುವ ಜಾರುಗುಂಡಿಗೆ ಫೇಡರ್ ಎಂದು ಹೆಸರು. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ದೀರ್ಘಕಾಲ ದುಡಿದಿರುವ, ಆದರೆ ಯಾವ ಮೈಕಿನ ತಂತಿಯೂ ಬಂದು ಸೇರದ ಹದಿನಾರನೆಯ ಫೇಡರ್ ಈ ಸಂದರ್ಶನಕ್ಕೆ ಒಂದು ಷರತ್ತಿನ ಮೇಲೆ ಒಪ್ಪಿತು. ಉತ್ತಮಪುರುಷ ಸರ್ವನಾಮವು ವೇದಿಕೆಯ ಮೇಲೆ ಕೂರುವವರ ಸೊತ್ತಾದ್ದರಿಂದ ಉತ್ತರಗಳೆಲ್ಲ ಪ್ರಥಮಪುರುಷದಲ್ಲಿಯೇ ದಾಖಲಾಗಬೇಕೆಂಬುದು ಆ ಷರತ್ತು.

ಪ್ರಶ್ನೆ: ತಂತಿಯೇ ಇಲ್ಲದ ಫೇಡರಿಗೆ ಕಛೇರಿಯಲ್ಲಿ ಏನು ಕೆಲಸ?

ಉತ್ತರ: ಮಿಕ್ಕೆಲ್ಲ ಫೇಡರುಗಳಿಗಿಂತ ಹೆಚ್ಚು ಕೆಲಸ. ಕಛೇರಿಯನ್ನು ಆರಂಭಿಸುವ ವರ್ಣವೆಂಬ ರಚನೆ ಮುಗಿಯುವ ಮೊದಲೇ ಗಾಯಕರ ತೋರುಬೆರಳು ಮೇಲ್ಮುಖವಾಗಿ ಎರಡು ಸಲ ಆಡುತ್ತದೆ. ಅದನ್ನು ಕಂಡ ಪಿಟೀಲು ವಿದ್ವಾಂಸರು ಕಮಾನಿನ ತುದಿಯಿಂದ ತಮ್ಮ ಮಾನಿಟರನ್ನು, ಅಂದರೆ ಕಲಾವಿದರಿಗೆ ತಮ್ಮ ನಾದ ತಮಗೇ ಕೇಳಲೆಂದು ಅವರತ್ತ ತಿರುಗಿಸಿಟ್ಟ ಸ್ಪೀಕರನ್ನು, ತೋರಿಸುತ್ತಾರೆ. ಕೈಗಳೆರಡಕ್ಕೂ ಬಿಡುವಿಲ್ಲದ ಮೃದಂಗದವರು ಹುಬ್ಬನ್ನೇ ಎತ್ತುತ್ತಾರೆ. ಆಗ ಮೈಕ್‌ಸೆಟ್ಟಿನವರು ಎಲ್ಲರಿಗೂ ಕಾಣುವಂತೆ ಕೈಚಾಚಿ ಹದಿನಾರನೆಯದನ್ನು ಒಂದು ಗೆರೆಯಷ್ಟು ಮೇಲಕ್ಕೆ ಸರಿಸುತ್ತಾರೆ, ಗಾಯಕರು ಕಣ್ಣುಮುಚ್ಚಿ ತಲೆದೂಗುತ್ತಾರೆ.

ಪ್ರಶ್ನೆ: ಕೇಳಿದವರಿಗೆ ಕೇಳಿದಷ್ಟು ಕೊಟ್ಟುಬಿಟ್ಟರೆ ನಷ್ಟವೇನು?

ಉತ್ತರ: ಗಾಯಕರಿಗೆ ಕೊಟ್ಟದ್ದು ಪಿಟೀಲನ್ನು ಮುಳುಗಿಸುತ್ತದೆ, ಪಿಟೀಲಿಗೆ ಕೊಟ್ಟದ್ದು ಘಟವನ್ನು ಮುಳುಗಿಸುತ್ತದೆ, ಘಟಕ್ಕೆ ಕೊಟ್ಟಮೇಲೆ ಗಾಯಕರ ಬೆರಳು ಮತ್ತೆ ಮೇಲೇಳುತ್ತದೆ. ಒಂದು ನಾದ ಇನ್ನೊಂದನ್ನು ಕಿವಿಗೆ ಬೀಳದಂತೆ ಮುಚ್ಚಿಹಾಕುವುದಕ್ಕೆ ಮರೆಮಾಚಿಕೆ ಎನ್ನಬಹುದು. ಮೃದಂಗದ ಎಡಭಾಗದ ಗುಮುಕಿನಂಥ ತಗ್ಗು ನಾದಗಳಿಗೆ ಈ ಕಲೆ ಚೆನ್ನಾಗಿ ಒಲಿದಿದೆ. ಸಾಲದೆಂಬಂತೆ, ಕಿವಿಗೆ ಎರಡರಷ್ಟು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಷ್ಟು ಏರಲು ಸ್ಪೀಕರಿಗೆ ಹತ್ತರಷ್ಟು ವಿದ್ಯುತ್ ಊಡಬೇಕು. ಏರಿಸುತ್ತ ಹೋದಂತೆ ಮಾನಿಟರಿನ ಧ್ವನಿ ಮತ್ತೆ ಮೈಕಿಗೇ ನುಗ್ಗಿ, ಮೈಕಿನಿಂದ ಮಾನಿಟರಿಗೆ ಬಂದು, ಸುತ್ತುತ್ತ ಬೆಳೆದು ಕೊನೆಗೆ ಕೂಗೆಬ್ಬಿಸುತ್ತದೆ; ಫೀಡ್‌ಬ್ಯಾಕ್ ಎಂದು ಕರೆಯಲಾಗುವ ಈ ಸ್ವರ ಯಾವ ರಾಗಕ್ಕೂ ಸೇರದಿದ್ದರೂ ಸಭೆಯಲ್ಲಿ ನಿದ್ರಿಸುತ್ತಿದ್ದವರ ಗಮನವನ್ನು ಅದರಷ್ಟು ಸೆಳೆದ ಸ್ವರ ಬೇರೆ ಇಲ್ಲ.

ಪ್ರಶ್ನೆ: ಮೈಕಿಲ್ಲದ ಕಾಲವೇ ಚೆನ್ನಾಗಿತ್ತೆ?

ಉತ್ತರ: ಆ ಕಾಲದಲ್ಲಿಯೂ ಬೇಡಿಕೆ ಇದೇ ಆಗಿತ್ತು, ಬೇಡುವ ವಿಧಾನ ಮಾತ್ರ ಬೇರೆ. ಪಿಟೀಲಿನ ನಾದ ಸಭೆಯ ಕೊನೆಯವರೆಗೆ ಮುಟ್ಟುವುದಿಲ್ಲವೆಂದು ಕಂಡ ಮೈಸೂರಿನ ಟಿ. ಚೌಡಯ್ಯನವರು 4 ತಂತಿಗಳಿಗೆ ಇನ್ನೂ 3 ಸೇರಿಸಿ 7 ತಂತಿಯ ಪಿಟೀಲನ್ನು ನುಡಿಸಿದರು. ಅವರು ತಂತಿ ಕಟ್ಟಿ, ಶ್ರುತಿಮಾಡಿ, ಅಭ್ಯಾಸಮಾಡಿ ಪಡೆದುದನ್ನು ಈಗ ಹುಬ್ಬೆತ್ತಿ ಪಡೆಯಬಹುದಾಗಿದೆ. ಇದನ್ನು ಪ್ರಗತಿಯೆಂದೇ ಪರಿಗಣಿಸತಕ್ಕದ್ದು.

ಪ್ರಶ್ನೆ: ಹೀಗೆ ಧ್ವನಿ ಏರಿಸುವುದರ ಬಗ್ಗೆ ಕಾನೂನು ಏನು ಹೇಳುತ್ತದೆ?

ಉತ್ತರ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕವಿರುವ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಳೆಯುವುದು ಎಲ್ಲೆಯಲ್ಲಿ; ಮುಂದಿನ ಸಾಲಿನ ಗಣ್ಯರು ಕೂರುವುದು ಸ್ಪೀಕರಿನ ಬಾಯಲ್ಲಿ.

ಪ್ರಶ್ನೆ: ಪರಿಹಾರವೇ ಇಲ್ಲವೆ?

ಉತ್ತರ: ಇದೆ, ಆದರೆ ಅದಕ್ಕೆ ಬೆರಳು ಕೆಳಮುಖವಾಗಬೇಕು. ಗಾಯನ ಕೇಳಿಸದಿದ್ದರೆ ಗಾಯನವನ್ನು ಏರಿಸುವ ಬದಲು ಅದನ್ನು ಮುಳುಗಿಸುತ್ತಿರುವುದನ್ನು ತಗ್ಗಿಸಬೇಕು, ಮಾನಿಟರನ್ನು ಇನ್ನಷ್ಟು ಹತ್ತಿರಕ್ಕೆ ತಂದು ಅದರ ಧ್ವನಿಯನ್ನು ಕಡಿಮೆ ಮಾಡಬೇಕು, ಕಛೇರಿಗೆ ಮುಂಚೆ ಕಲಾವಿದರು ಬಂದು ಕೂತು ಧ್ವನಿಯನ್ನು ಹದಗೊಳಿಸಿಕೊಳ್ಳಬೇಕು. ಕಾಫಿಯ ನಂತರ ಉಳಿಯುವ ಸಮಯದಲ್ಲಿ ಇದನ್ನು ಮಾಡುವ ಪದ್ಧತಿ ಬಹುಕಡೆ ಇರುವುದರಿಂದ, ಮೊದಲ ಎರಡು ಕೃತಿಗಳನ್ನು ರಸಿಕರು ಧ್ವನಿಪರೀಕ್ಷೆಯೆಂದೇ ಭಾವಿಸಿ ಕೇಳುವುದು ಲೇಸು.

ಪ್ರಶ್ನೆ: ಇಷ್ಟೆಲ್ಲ ತಿಳಿದೂ ಕಲಾವಿದರನ್ನು ನಂಬಿಸುವುದು ವಂಚನೆಯಲ್ಲವೆ?

ಉತ್ತರ: ವಂಚನೆಯೆಂದು ಯಾರೂ ದೂರಿಲ್ಲ. ಕಳೆದ ಕಛೇರಿಯಲ್ಲಿ ತನಿಯಾವರ್ತನ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಮುಗಿದ ಮೇಲೆ ಮೃದಂಗದ ವಿದ್ವಾಂಸರು ಮಿಕ್ಸರಿನ ಬಳಿಗೇ ಬಂದು, ಇಂಥ ಧ್ವನಿ ಎಲ್ಲಿಯೂ ಸಿಕ್ಕಿರಲಿಲ್ಲವೆಂದು ಹೊಗಳಿ, ಮುಂದಿನ ಊರಿನವರಿಗೆ ತೋರಿಸಲೆಂದು ಫೇಡರುಗಳ ಫೋಟೊ ತೆಗೆದುಕೊಂಡು ಹೋದರು. ಅದರಲ್ಲಿ ತುತ್ತತುದಿಗೆ ಏರಿದ್ದದ್ದು ಹದಿನಾರನೆಯದೊಂದೇ.